ಐಟಿಐ ಓದುತ್ತಿರುವ ಮಗನಿಗೆ ಅಪ್ರೆಂಟಿಸ್‌ಶಿಪ್ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ಮಗನಿಗೆ 17 ವರ್ಷ. ಐಟಿಐ ಫಿಟ್ಟರ್, ಎರಡನೇ ವರ್ಷ. ಮುಗಿದ ಮೇಲೆ ಅಪ್ರೆಂಟಿಸ್ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿ ಹುಡುಕಬೇಕು, ಅರ್ಜಿ ಹೇಗೆ ಹಾಕಬೇಕು ಅಂತ ಗೊತ್ತಿಲ್ಲ. ಪರಿಚಯದವರೊಬ್ಬರು ದುಡ್ಡು ಕೊಟ್ಟರೆ ದೊಡ್ಡ ಕಂಪನಿಗೆ ಸೇರಿಸ್ತೀನಿ ಅನ್ನುತ್ತಿದ್ದಾರೆ. ನಂಬಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ಅಪ್ರೆಂಟಿಸ್‌ಶಿಪ್‌ನಲ್ಲಿ ದುಡ್ಡು ಬರುವುದು ಕಂಪನಿಯಿಂದ ಮಗನ ಕಡೆಗೆ. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಲು ಶುಲ್ಕವಿಲ್ಲ. ರೈಲ್ವೆಯಂಥ ಕಡೆ ನೂರು ರೂಪಾಯಿಯ ಅರ್ಜಿ ಶುಲ್ಕ ಇರುತ್ತದೆ. ಅದನ್ನೂ ಆನ್‌ಲೈನ್‌ನಲ್ಲಿ ನೀವೇ ಕಟ್ಟುತ್ತೀರಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಅದೂ ಇಲ್ಲ. ನಡುವೆ ಒಬ್ಬರು ನಿಂತು ಸಾವಿರಗಟ್ಟಲೆ ಕೇಳಿದರೆ, ಅಲ್ಲಿಗೇ ಮಾತು ನಿಲ್ಲಿಸಿ.

ಈಗ ಮೂಲ ವಿಷಯ. ಅಪ್ರೆಂಟಿಸ್‌ಶಿಪ್ ನೌಕರಿಯಲ್ಲ, ತಿಂಗಳಿಗೆ ಸ್ಟೈಪೆಂಡ್ (ತರಬೇತಿ ಭತ್ಯೆ) ಕೊಟ್ಟು ಕಲಿಸುವ ತರಬೇತಿ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲೇ ಹಾಗೆ ಹೇಳಿದೆ: ಸೇರಿದ ಹುಡುಗ ತರಬೇತಿಯಲ್ಲಿರುವವನು, ಕೆಲಸಗಾರನಲ್ಲ. ಅದಕ್ಕೇ ಕಂಪನಿಯ ಹೆಸರು ದೊಡ್ಡದಾ, ತಿಂಗಳಿಗೆ ಎಷ್ಟು ಕೊಡುತ್ತಾರೆ ಅನ್ನುವುದಕ್ಕಿಂತ ಮುಂಚೆ ಕೇಳಬೇಕಾದ್ದು ಬೇರೆ. ಇಲ್ಲಿ ಒಂದು ವರ್ಷ ಇದ್ದರೆ ನನ್ನ ಮಗನಿಗೆ ಏನು ಬರುತ್ತದೆ? ಹುಡುಕುವಾಗಲೂ ಸಹಿ ಹಾಕುವಾಗಲೂ ಈ ಪ್ರಶ್ನೆ ಬಿಡಬೇಡಿ.

ಹುಡುಕಲು ಶುರು ಮಾಡುವ ಮೊದಲ ಜಾಗ ಅವನ ಐಟಿಐಯೇ. ಅಲ್ಲಿ ಪಾಠ ಹೇಳುವ ಜೆಟಿಒ (ಕಿರಿಯ ತರಬೇತಿ ಅಧಿಕಾರಿ), ಪ್ರಿನ್ಸಿಪಾಲರಿಗೆ ಹಿಂದಿನ ಬ್ಯಾಚಿನ ಹುಡುಗರು ಎಲ್ಲಿ ಸೇರಿದರು, ಯಾರು ಚೆನ್ನಾಗಿ ಕಲಿತರು, ಯಾರು ಅರ್ಧಕ್ಕೆ ಬಿಟ್ಟು ಬಂದರು ಅನ್ನುವುದು ಗೊತ್ತಿರುತ್ತದೆ. ಈ ಮಾಹಿತಿ ಯಾವ ವೆಬ್‌ಸೈಟಿನಲ್ಲೂ ಸಿಗುವುದಿಲ್ಲ. ಆ ಸೀನಿಯರ್‌ಗಳ ಫೋನ್ ನಂಬರ್ ಕೇಳಿ ಮಗನಿಂದಲೇ ಮಾತಾಡಿಸಿ. ಅಪ್ರೆಂಟಿಸ್ ಮೇಳ ಯಾವಾಗ, ಯಾವ ಐಟಿಐಯಲ್ಲಿ ಅಂತಲೂ ಅಲ್ಲೇ ವಿಚಾರಿಸಿ. ಮೇಳದಲ್ಲಿ ಒಂದೇ ದಿನ ಹಲವು ಕಂಪನಿಯವರು ಸಿಗುತ್ತಾರೆ.

ಎರಡನೆಯದು ಪೋರ್ಟಲ್. ಜಿಲ್ಲೆ, ಟ್ರೇಡ್ (ಫಿಟ್ಟರ್‌ನಂಥ ಕಸುಬು), ವಿದ್ಯಾರ್ಹತೆ ಆರಿಸಿಕೊಂಡರೆ ಯಾವ ಕಂಪನಿಯಲ್ಲಿ ಎಷ್ಟು ಜಾಗ ಇದೆ ಅಂತ ತೋರಿಸುತ್ತದೆ. ಅಲ್ಲೇ ಅರ್ಜಿ ಹಾಕಬಹುದು. ಆದರೆ ಒಂದು ಅರ್ಜಿ ಹಾಕಿ ಉತ್ತರಕ್ಕೆ ಕಾಯುತ್ತಾ ಕೂರಬೇಡಿ. ಬಹಳ ಕಂಪನಿಗಳು ಪೋರ್ಟಲ್‌ನಲ್ಲಿ ಬಂದ ಅರ್ಜಿಗಳನ್ನು ದಿನಾ ನೋಡುವುದಿಲ್ಲ. ಅರ್ಜಿ ಹಾಕಿ, ಆಮೇಲೆ ಫೋನ್ ಮಾಡಿ ಅಥವಾ ಹೋಗಿ ಕೇಳಿ.

ಹೋಗಿ ಕೇಳುವುದರಲ್ಲಿ ಸಂಕೋಚ ಬೇಡ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಅಂತ ನಿಯಮ ಇದೆ. ಗುತ್ತಿಗೆಯವರೂ ಸೇರಿ ಒಟ್ಟು ಸಿಬ್ಬಂದಿಯಲ್ಲಿ ಶೇಕಡಾ 2.5ರಿಂದ 15ರಷ್ಟು. ಅಂದರೆ ನಿಮ್ಮ ಮಗ ಗೇಟಿನ ಹತ್ತಿರ ಬಯೋಡೇಟಾ ಹಿಡಿದು ನಿಂತರೆ ಅವನು ಉಪಕಾರ ಕೇಳುತ್ತಿಲ್ಲ. ಪೀಣ್ಯ, ಬೊಮ್ಮಸಂದ್ರ, ಮೈಸೂರಿನ ಹೆಬ್ಬಾಳ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ, ಮಂಗಳೂರಿನ ಬೈಕಂಪಾಡಿ, ಯಾವುದು ಹತ್ತಿರವೋ ಅಲ್ಲಿಗೆ ಒಂದು ಬೆಳಗ್ಗೆ ಹೋಗಿ ಬರಲಿ. ಎಚ್‌ಆರ್ ಇದ್ದಾರಾ, ಈ ವರ್ಷ ಫಿಟ್ಟರ್ ಅಪ್ರೆಂಟಿಸ್ ತಗೊಳ್ತೀರಾ ಅಂತ ಕೇಳಲಿ.

ಮೂರನೆಯದು ಸರ್ಕಾರಿ ಉದ್ಯಮಗಳು. ಎಚ್‌ಎಎಲ್, ಬಿಇಎಲ್, ಬಿಇಎಂಎಲ್, ನೈಋತ್ಯ ರೈಲ್ವೆ. ಇವುಗಳ ಪ್ರಕಟಣೆ ಅವುಗಳ ವೆಬ್‌ಸೈಟಿನಲ್ಲಿ, ಪತ್ರಿಕೆಯಲ್ಲಿ ಬರುತ್ತದೆ. ನೈಋತ್ಯ ರೈಲ್ವೆಯ ಹುಬ್ಬಳ್ಳಿ ನೇಮಕಾತಿ ಕೋಶದ ಆಯ್ಕೆಯಲ್ಲಿ ಲಿಖಿತ ಪರೀಕ್ಷೆ ಇಲ್ಲ. ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿ ತೆಗೆದು ಪಟ್ಟಿ ಮಾಡುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಕನಿಷ್ಠ ಶೇಕಡಾ 50 ಬೇಕು, ವಯಸ್ಸು 15ರಿಂದ 24ರ ಒಳಗೆ, ಮೀಸಲಾತಿ ಇರುವವರಿಗೆ ಸಡಿಲಿಕೆ ಇದೆ. ಪ್ರಕಟಣೆ ಬರುವ ಹೊತ್ತಿಗೆ ಐಟಿಐ ಫಲಿತಾಂಶ ಕೈಯಲ್ಲಿರಬೇಕು, ಫಲಿತಾಂಶಕ್ಕೆ ಕಾಯುತ್ತಿರುವವರು ಅರ್ಜಿ ಹಾಕುವಂತಿಲ್ಲ. ಎರಡನೇ ವರ್ಷದ ಪರೀಕ್ಷೆಯನ್ನು ಪಾಸಾದರೆ ಸಾಕು ಅಂತ ಬರೆಯಬಾರದು ಅನ್ನುವುದಕ್ಕೆ ಇದೇ ಕಾರಣ. ಆ ಅಂಕ ಇಲ್ಲಿ ನೇರವಾಗಿ ಲೆಕ್ಕಕ್ಕೆ ಬರುತ್ತದೆ.

ದೊಡ್ಡ ಕಂಪನಿಯೋ ಚಿಕ್ಕದೋ ಅಂತ ಬಹಳ ಜನ ಕೇಳುತ್ತಾರೆ. ಸ್ವಂತ ತರಬೇತಿ ಕೇಂದ್ರ ಇರುವ ದೊಡ್ಡ ಸಂಸ್ಥೆ ಸಿಕ್ಕರೆ ಕಣ್ಣು ಮುಚ್ಚಿ ಸೇರಿಸಿ. ಅದು ಸಿಗದಿದ್ದರೆ ನಾನು ನಲವತ್ತು-ಐವತ್ತು ಜನ ಇರುವ ಟೂಲ್‌ರೂಮ್ (ಅಚ್ಚು, ಉಪಕರಣ ಮಾಡುವ ವರ್ಕ್‌ಶಾಪ್) ಕಡೆಗೇ ವಾಲುತ್ತೇನೆ. ಅಸೆಂಬ್ಲಿ ಲೈನಿನಲ್ಲಿ ಹುಡುಗ ವರ್ಷವಿಡೀ ಒಂದೇ ಜಾಗದಲ್ಲಿ ನಿಂತು ಅದೇ ನಾಲ್ಕು ಬೋಲ್ಟ್ ಬಿಗಿ ಮಾಡುತ್ತಿರಬಹುದು. ಟೂಲ್‌ರೂಮಿನಲ್ಲಿ ಲೇತ್, ಮಿಲ್ಲಿಂಗ್, ಗ್ರೈಂಡಿಂಗ್, ಫಿಟ್ಟಿಂಗ್ ಬೆಂಚು ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ಡ್ರಾಯಿಂಗ್ ಓದುವುದರಿಂದ ಹಿಡಿದು ಅಳತೆ ನೋಡುವುದರವರೆಗೆ ಕೈಗೆ ಬರುತ್ತದೆ. ಫಿಟ್ಟರ್‌ಗೆ ಅದೇ ಅಲ್ವಾ ಆಸ್ತಿ?

ವಯಸ್ಸಿನ ಬಗ್ಗೆ ಒಂದು ಮಾತು. ಕಾಯ್ದೆ ಪ್ರಕಾರ 14 ತುಂಬಿದರೆ ಅಪ್ರೆಂಟಿಸ್ ಆಗಬಹುದು, ಅಪಾಯಕಾರಿ ಕೆಲಸಗಳಿಗೆ 18 ಆಗಿರಬೇಕು. ಕೆಲವು ಕಂಪನಿಗಳು ಎಲ್ಲದಕ್ಕೂ 18 ಕೇಳುತ್ತವೆ. ಕೆಲವೇ ತಿಂಗಳ ಮಾತಾದರೆ ಆ ಸಮಯದಲ್ಲಿ ಕಾಗದಪತ್ರ ಸರಿ ಮಾಡಿಸಿ.

ಅಪ್ಪ-ಅಮ್ಮ ನಿಜವಾಗಿ ಕೈ ಹಾಕಬೇಕಾದ ಕೆಲಸ ಈ ಕಾಗದಪತ್ರವೇ. ಈಗಲೇ ಅವನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ನೋಡಿ. ಅಂಕಪಟ್ಟಿಯಲ್ಲಿ ಮಂಜುನಾಥ ಹನುಮಂತಪ್ಪ ಅಂತ ಇರುತ್ತದೆ. ಆಧಾರ್‌ನಲ್ಲಿ ಮಂಜುನಾಥ್ ಎಚ್. ಪಾಸ್‌ಬುಕ್‌ನಲ್ಲಿ ಎಚ್. ಮಂಜುನಾಥ. ಮನೆಯವರಿಗೆ ಮೂರೂ ಒಂದೇ ಹುಡುಗ, ಕಂಪ್ಯೂಟರಿಗೆ ಮೂರು ಜನ. ಹುಟ್ಟಿದ ದಿನಾಂಕದಲ್ಲೂ ಇದೇ ಪಾಡು. ಅಂಕಪಟ್ಟಿಯಲ್ಲಿ ಇರುವಂತೆ ಆಧಾರ್ ತಿದ್ದಿಸಿ, ಆಮೇಲೆ ಬ್ಯಾಂಕಿನಲ್ಲಿ ತಿದ್ದಿಸಿ. ಆಧಾರ್‌ಗೆ ಈಗ ಬಳಸುತ್ತಿರುವ ಮೊಬೈಲ್ ನಂಬರೇ ಜೋಡಣೆ ಆಗಿದೆಯಾ ನೋಡಿ, ಒಟಿಪಿ ಅದಕ್ಕೇ ಬರುವುದು. ಬ್ಯಾಂಕ್ ಖಾತೆಗೂ ಆಧಾರ್ ಜೋಡಣೆ ಆಗಿರಬೇಕು. ಯಾಕೆಂದರೆ ಸ್ಟೈಪೆಂಡಿನಲ್ಲಿ ಶೇಕಡಾ 25, ತಿಂಗಳಿಗೆ ಗರಿಷ್ಠ 1500 ರೂಪಾಯಿ, ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಡಿ ಕೇಂದ್ರ ಸರ್ಕಾರದಿಂದ ನೇರವಾಗಿ ಹುಡುಗನ ಖಾತೆಗೆ ಬರುತ್ತದೆ. ಜೋಡಣೆ ಆಗದಿದ್ದರೆ ಆ ದುಡ್ಡು ಸುಮ್ನೆ ಸಿಕ್ಕಿಹಾಕಿಕೊಳ್ಳುತ್ತದೆ.

ಅರ್ಜಿಯನ್ನು ಮಾತ್ರ ಅವನೇ ತುಂಬಲಿ. ಸೈಬರ್ ಸೆಂಟರ್‌ಗೆ ಹೋದರೂ ಪಕ್ಕದಲ್ಲಿ ಕೂತು ಏನು ಟೈಪ್ ಮಾಡುತ್ತಿದ್ದಾರೆ ಅಂತ ನೋಡಲಿ, ಲಾಗಿನ್ ಮತ್ತು ಪಾಸ್‌ವರ್ಡ್ ಅವನ ಹತ್ತಿರವೇ ಇರಲಿ. ಎಷ್ಟೋ ಮಕ್ಕಳ ಖಾತೆಗೆ ಸೈಬರ್ ಸೆಂಟರಿನವರ ಮೊಬೈಲ್ ನಂಬರ್ ಕೊಟ್ಟಿರುತ್ತಾರೆ. ಕಂಪನಿಯವರು ಕರೆದರೂ ಗೊತ್ತಾಗುವುದೇ ಇಲ್ಲ.

ಬಯೋಡೇಟಾ ಒಂದು ಪುಟ ಸಾಕು. ಹವ್ಯಾಸ, ಗುರಿ ಅಂತ ತುಂಬಿಸುವುದಕ್ಕಿಂತ ಐಟಿಐಯಲ್ಲಿ ಮಾಡಿದ ಜಾಬ್‌ಗಳನ್ನು ಬರೆಯಲಿ: ಚೌಕ ಫಿಟ್ಟಿಂಗ್, ಡ್ರಿಲ್ಲಿಂಗ್, ಟ್ಯಾಪಿಂಗ್, ಲೇತ್ ಮೇಲೆ ಸ್ಟೆಪ್ ಟರ್ನಿಂಗ್. ಸಂದರ್ಶನದಲ್ಲಿ ಕೇಳುವುದೂ ಇದನ್ನೇ. ಮೇಜಿನ ಮೇಲಿನ ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟು, ಲೀಸ್ಟ್ ಕೌಂಟ್ (ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ) ಎಷ್ಟು, ಈ ಪೀಸಿನ ವ್ಯಾಸ ಎಷ್ಟು ಅಂತ ಕೇಳುತ್ತಾರೆ. ಸಾಮಾನ್ಯ ವರ್ನಿಯರ್‌ನಲ್ಲಿ 0.02 ಮಿಲಿಮೀಟರ್, ಮೈಕ್ರೋಮೀಟರ್‌ನಲ್ಲಿ 0.01. ಉತ್ತರ ಬಾಯಲ್ಲಿದ್ದರೂ ಕೈ ನಡುಗಿದರೆ ಅಳತೆ ತಪ್ಪುತ್ತದೆ. ಐಟಿಐ ಸ್ಟೋರಿನಿಂದ ಕೇಳಿ ತೆಗೆದುಕೊಂಡು ದಿನಾ ಹತ್ತು ನಿಮಿಷ ಅಭ್ಯಾಸ ಮಾಡಲಿ. ಇಂಗ್ಲಿಷ್ ಬರಲ್ಲ ಅನ್ನುವ ಭಯ ಬೇಡ. ಕನ್ನಡದಲ್ಲಿ ತಿಳಿದು ಹೇಳಿದರೆ ಕೆಲಸ ಬಲ್ಲವರಿಗೆ ಅರ್ಥವಾಗುತ್ತದೆ. ಗೇಟಿನವರೆಗೆ ನೀವು ಹೋಗಿ, ಒಳಗೆ ಅವನೊಬ್ಬನೇ ಹೋಗಲಿ. ಅಪ್ಪನೇ ಎಲ್ಲದಕ್ಕೂ ಉತ್ತರ ಕೊಟ್ಟರೆ ಹುಡುಗನನ್ನು ತೂಗುವುದು ಅವರಿಗೆ ಕಷ್ಟ.

ಆಯ್ಕೆಯಾದ ಮೇಲೆ ಬರುವುದು ಒಪ್ಪಂದ. ಇದನ್ನು ನಿಧಾನವಾಗಿ ಓದಿ. ಮಗನಿಗೆ 18 ಆಗಿಲ್ಲದಿದ್ದರೆ ಸಹಿ ಹಾಕುವವರು ನೀವೇ. ಅದರಲ್ಲಿ ಟ್ರೇಡ್ ಹೆಸರು, ಶುರುವಾಗುವ ಮತ್ತು ಮುಗಿಯುವ ದಿನ, ಸ್ಟೈಪೆಂಡ್ ಇರಬೇಕು. ಒಪ್ಪಂದ ಪೋರ್ಟಲ್‌ನಲ್ಲಿ ನೋಂದಣಿಯಾಗಿ ಅವನ ಲಾಗಿನ್‌ನಲ್ಲಿ ಕಾಣಿಸಬೇಕು. ಕಾಣಿಸದಿದ್ದರೆ ಅದು ಅಪ್ರೆಂಟಿಸ್‌ಶಿಪ್ ಅಲ್ಲ. ಗುತ್ತಿಗೆದಾರನ ಮೂಲಕ ಟ್ರೈನಿ ಅಂತ ಹೆಸರಿಟ್ಟು, ಕಾರ್ಮಿಕನ ಕೆಲಸ ಮಾಡಿಸಿ, ವರ್ಷದ ಕೊನೆಗೆ ಯಾವ ಪ್ರಮಾಣಪತ್ರವೂ ಇಲ್ಲದೆ ಕಳಿಸುವುದು ಬಹಳ ಕಡೆ ನಡೆಯುತ್ತಿದೆ. ಇದು ನನಗೆ ತುಂಬಾ ಸಂಕಟದ ವಿಷಯ. ಆ ವಯಸ್ಸಿನ ಒಂದು ವರ್ಷ ವಾಪಸ್ ಬರುವುದಿಲ್ಲ.

ಸ್ಟೈಪೆಂಡ್ ಎಷ್ಟು? 2019ರ ನಿಯಮದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 6000, ಐಟಿಐ ಮುಗಿಸಿದವರಿಗೆ 7000 ರೂಪಾಯಿ ಅಂತ ಇತ್ತು. ಇದನ್ನು ಶೇಕಡಾ 36ರಷ್ಟು ಹೆಚ್ಚಿಸಬೇಕು ಅಂತ 2025ರಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿತು. ಹಾಗಾಗಿ ಸಹಿ ಹಾಕುವ ದಿನ ಜಾರಿಯಲ್ಲಿರುವ ಮೊತ್ತ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಕಂಪನಿ ಅದಕ್ಕಿಂತ ಜಾಸ್ತಿ ಕೊಡಬಹುದು, ಕಡಿಮೆ ಕೊಡುವಂತಿಲ್ಲ. ಪೀಸ್ ಲೆಕ್ಕದಲ್ಲಿ ಕೊಡುತ್ತೇವೆ ಅಂದರೆ ಕಾಯ್ದೆಗೆ ವಿರುದ್ಧ. ಅಪ್ರೆಂಟಿಸ್‌ಶಿಪ್ ಸಲಹೆಗಾರರ (ಈ ಕಾಯ್ದೆ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ) ಅನುಮತಿ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ.

ಬೇರೆ ಊರಲ್ಲಿ ರೂಮು ಮಾಡಿದರೆ ಬಾಡಿಗೆ, ಊಟಕ್ಕೇ ಸ್ಟೈಪೆಂಡ್ ಮುಗಿಯುತ್ತದೆ. ಕ್ಯಾಂಟೀನ್ ಊಟ ಇದೆಯಾ, ಕಂಪನಿ ಬಸ್ ಇದೆಯಾ ಅಂತ ಮೊದಲೇ ಕೇಳಿ. ಈ ಪ್ರಶ್ನೆಯನ್ನು ಮಗಳ ಬಗ್ಗೆ ಕೇಳುವವರಿಗೂ ಇದೇ ಉತ್ತರ. ಜೊತೆಗೆ, ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ, ಆದ್ದರಿಂದ ಇಪ್ಪತ್ತು-ಮೂವತ್ತು ಕಿಲೋಮೀಟರ್ ದೂರದ ಕಾರ್ಖಾನೆಗೂ ಮನೆಯಿಂದಲೇ ಹೋಗಿ ಬರಬಹುದು. ಶಿಫ್ಟ್ ಸಮಯ ಮಾತ್ರ ಬರಹದಲ್ಲಿ ಕೇಳಿ.

ಮುಗಿದ ಮೇಲೆ ಕೆಲಸ ಖಾಯಂ ಆಗುತ್ತಾ? ಖಾಯಂ ಮಾಡಲೇಬೇಕು ಅಂತ ಕಾನೂನು ಇಲ್ಲ. ಅದಕ್ಕೊಂದು ನೀತಿ ಪ್ರತಿ ಕಂಪನಿಯೂ ಮಾಡಿಕೊಳ್ಳಬೇಕು ಅಂತ ಮಾತ್ರ ಇದೆ. ಆದರೆ ಕೊನೆಗೆ ನಡೆಯುವ ಅಖಿಲ ಭಾರತ ಟ್ರೇಡ್ ಪರೀಕ್ಷೆ ಪಾಸಾದರೆ ಸಿಗುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರಕ್ಕೆ ಒಳ್ಳೆ ಬೆಲೆ ಇದೆ. ರೈಲ್ವೆಯ ಲೆವೆಲ್ 1 (ಹಿಂದಿನ ಗ್ರೂಪ್ ಡಿ) ನೇಮಕಾತಿಯಲ್ಲಿ ಶೇಕಡಾ 20ರಷ್ಟು ಹುದ್ದೆ ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಮೀಸಲು. ಅರ್ಧಕ್ಕೆ ಬಿಟ್ಟವರಿಗೆ ಇವು ಯಾವುವೂ ಇಲ್ಲ.

ಅರ್ಧಕ್ಕೆ ಬಿಡುವ ಮಾತು ಬರುವುದು ಸಾಮಾನ್ಯವಾಗಿ ಮೊದಲ ತಿಂಗಳಲ್ಲೇ. ರಾತ್ರಿ ಫೋನ್ ಮಾಡಿ ಅಮ್ಮಾ, ಇಲ್ಲಿ ಆಗಲ್ಲ, ಬಂದುಬಿಡ್ತೀನಿ ಅನ್ನುತ್ತಾನೆ. ಬೈಯಬೇಡಿ, ತಕ್ಷಣ ಬಾ ಅಂತಲೂ ಹೇಳಬೇಡಿ. ಇವತ್ತು ಏನು ಮಾಡಿದೆ, ಯಾರು ಹೇಳಿಕೊಟ್ಟರು ಅಂತ ಕೇಳಿ. ಎಂಟು ಗಂಟೆ ನಿಂತು ಕಾಲು ನೋವು, ಸೂಪರ್‌ವೈಸರ್ ಗದರಿದರು ಅಂದರೆ ಸ್ವಲ್ಪ ದಿನ ಧೈರ್ಯ ಹೇಳಿ. ಲೋಡಿಂಗ್, ಕಸ ಗುಡಿಸುವುದು ಬಿಟ್ಟು ಬೇರೇನೂ ಕೊಡುತ್ತಿಲ್ಲ, ಮೆಷಿನ್ ಮುಟ್ಟಲು ಬಿಡುತ್ತಿಲ್ಲ ಅಂದರೆ ವಿಷಯ ಬೇರೆ. ಆಗ ದಿನಾ ಏನು ಕೆಲಸ ಕೊಟ್ಟರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಮೊದಲು ಕಂಪನಿಯ ಎಚ್‌ಆರ್ ಹತ್ತಿರ ಮಾತಾಡಲಿ. ಸರಿ ಹೋಗದಿದ್ದರೆ ಒಪ್ಪಂದದ ಪ್ರತಿ ಮತ್ತು ಆ ನೋಟ್‌ಬುಕ್ ತೆಗೆದುಕೊಂಡು ಅವನ ಐಟಿಐಗೆ ಹೋಗಿ. ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯಲ್ಲಿ ಅಪ್ರೆಂಟಿಸ್‌ಶಿಪ್ ನೋಡಿಕೊಳ್ಳುವ ಅಧಿಕಾರಿ ಯಾರು ಅಂತ ಅಲ್ಲಿ ಹೇಳುತ್ತಾರೆ, ಅವರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.