ಬಾಡಿಗೆ ಮನೆ ಸೋರಿದರೆ ರಿಪೇರಿ ಯಾರದ್ದು? ಸೆಕ್ಷನ್ 108 ಓದುವ ಬಗೆ

ಹೋದ ಮಳೆಗಾಲದಲ್ಲಿ ಒಂದು ದಿನ ನಮ್ಮ ಬಾಡಿಗೆ ಮನೆಯ ಬೀರು ಸರಿಸಿದೆವು. ಹಿಂದಿನ ಗೋಡೆಯ ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಬೆರಳಲ್ಲಿ ಒತ್ತಿದರೆ ಗಾರೆ ಪುಡಿಪುಡಿಯಾಗಿ ಉದುರಿತು. ತಾರಸಿಗೆ ಹೋಗಿ ನೋಡಿದರೆ ಮಳೆನೀರಿನ ಪೈಪಿನ ಬಾಯಿ ಕಟ್ಟಿಕೊಂಡಿದೆ, ಪಕ್ಕದಲ್ಲೇ ಬಿರುಕು, ಅದರ ಮೇಲೆ ಎರಡು ಬೆರಳು ನೀರು ನಿಂತಿದೆ. ಓನರ್‌ಗೆ ಹೇಳಿದೆವು. "ಮನೇಲಿರೋರು ನೀವು, ನೀವೇ ಮಾಡಿಸ್ಕೊಳ್ಳಿ. ಬೇಕಾದ್ರೆ ಅಗ್ರಿಮೆಂಟ್ ನೋಡಿ" ಅಂದರು. ನೋಡಿದೆವು. "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು" ಅಂತ ಒಂದು ಸಾಲು ಇತ್ತು. ದೊಡ್ಡ ರಿಪೇರಿ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಆಸ್ತಿ ವರ್ಗಾವಣೆ ಕಾಯ್ದೆ ಓದುತ್ತಿರುವ ನಮಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದಿಲ್ಲ. ಕರಾರು ಬಾಯಿ ಬಿಡದಿದ್ದಾಗ ಕಾನೂನು ಏನು ಹೇಳುತ್ತದೆ?

1882ರ ಆ ಕಾಯ್ದೆಯ 108ನೇ ಸೆಕ್ಷನ್ ತೆಗೆಯಿರಿ. ಎಲ್ಲರೂ ಒಳಗಿನ ಕಲಮುಗಳಿಗೆ ಹಾರುತ್ತಾರೆ. ದಯವಿಟ್ಟು ಮೊದಲ ಸಾಲಿನಲ್ಲಿ ನಿಲ್ಲಿ. ಬೇರೆ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದಾಗ ಮಾತ್ರ ಈ ನಿಯಮಗಳು ಎಂದು ಅಲ್ಲಿದೆ. ಅಂದರೆ ಕರಾರಿನಲ್ಲಿ ಬರೆದದ್ದೇ ಮೊದಲು. ಅದು ಬಿಟ್ಟ ಜಾಗವನ್ನಷ್ಟೇ 108 ತುಂಬುತ್ತದೆ.

ಈಗ ಎಫ್ ಕಲಮಿಗೆ ಬನ್ನಿ. ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು, ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದೊಳಗೆ ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಬಹುದು. ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು, ಇಲ್ಲವೇ ಬೇರೆ ದಾರಿಯಲ್ಲಿ ವಸೂಲಿ ಮಾಡಬಹುದು. ಇದನ್ನು ಓದಿದ ಕೂಡಲೇ "ಸರಿ, ರಿಪೇರಿ ಓನರ್‌ದೇ" ಅಂತ ಉತ್ತರ ಬರೆಯುವವರು ಜಾಸ್ತಿ. ಅದು ತಪ್ಪು. "ಮಾಡಲೇಬೇಕಾದ" ಎಂಬ ಪದ ನೋಡಿ. ಈ ಕಲಮು ಹೊಸ ಹೊಣೆಯನ್ನು ಹುಟ್ಟಿಸುವುದಿಲ್ಲ. ಬೇರೆ ಕಡೆಯಿಂದ ಬಂದ ಹೊಣೆ ತಪ್ಪಿದರೆ ಏನು ಮಾಡಬಹುದು ಅಂತ ಮಾತ್ರ ಹೇಳುತ್ತದೆ. ಮಾಲೀಕರ ಕರ್ತವ್ಯಗಳಿರುವುದು ಎ, ಬಿ, ಸಿ ಕಲಮುಗಳಲ್ಲಿ. ಅಲ್ಲಿ ಎಲ್ಲೂ "ಮನೆಯನ್ನು ಸುಸ್ಥಿತಿಯಲ್ಲಿ ಇಡಬೇಕು" ಎಂಬ ಸಾಮಾನ್ಯ ಹೊಣೆ ಇಲ್ಲ. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡಾಗ ನನಗೆ ನಿಜಕ್ಕೂ ಬೇಜಾರಾಯಿತು. ತಲೆ ಮೇಲಿನ ಸೂರು ಸೋರುತ್ತಿದ್ದರೂ ಕಾಯ್ದೆ ಮೊದಲು ಕೇಳುವುದು ಕಾಗದವನ್ನೇ.

ಹಾಗಾದರೆ ಹೊಣೆ ಎಲ್ಲಿಂದ ಬರಬೇಕು? ಕರಾರಿನಿಂದ, ರೂಢಿಯಿಂದ, ಇಲ್ಲವೇ ಬಾಡಿಗೆ ಕಾನೂನಿನಿಂದ. ಕರ್ನಾಟಕ ಬಾಡಿಗೆ ಕಾಯ್ದೆ 1999, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ಕ್ಕೆ. ಆದರೆ ಅದಕ್ಕೊಂದು ಮಿತಿ ಇದೆ. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆ ಮನೆಗಳು ಅದರ ಹೊರಗೆ. ಇವತ್ತು ಬೆಂಗಳೂರಿನಲ್ಲಿ 3,500ಕ್ಕೆ ಎಂಥ ಮನೆ ಸಿಗುತ್ತದೆ ಹೇಳಿ. ಹಾಗಾಗಿ ನಮ್ಮಂಥವರಿಗೆ ಉಳಿಯುವುದು 108 ಮತ್ತು ಸ್ಟಾಂಪ್ ಪೇಪರ್ ಮೇಲಿನ ಆ ನಾಲ್ಕು ಸಾಲು.

ಎ ಕಲಮನ್ನು ಸಣ್ಣದು ಅಂತ ಬಿಡಬೇಡಿ. ಮಾಲೀಕರಿಗೆ ಗೊತ್ತಿರುವ, ಬಾಡಿಗೆದಾರರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವಿದ್ದರೆ ಅದನ್ನು ಅವರು ಮೊದಲೇ ಹೇಳಬೇಕು. ಏಪ್ರಿಲ್‌ನಲ್ಲಿ ಮನೆ ನೋಡುತ್ತೀರಿ. ಗೋಡೆಗೆ ಹೊಸ ಬಣ್ಣ, ಎಲ್ಲ ಫಳಫಳ. ಜುಲೈಗೆ ಅದೇ ಗೋಡೆ ಒದ್ದೆ. ಪ್ರತಿ ವರ್ಷ ಸೋರುತ್ತದೆ ಅಂತ ಗೊತ್ತಿದ್ದೂ ಬಣ್ಣ ಬಳಿದು ಮುಚ್ಚಿದ್ದರೆ, ಅದು ಈ ಕಲಮಿನ ಮಾತು. ಗೊತ್ತಿತ್ತು ಅಂತ ತೋರಿಸುವುದು ಕಷ್ಟ, ನಿಜ. ಹಿಂದಿನ ಬಾಡಿಗೆದಾರರು ಕಳಿಸಿದ್ದ ಒಂದು ಮೆಸೇಜ್ ಸಿಕ್ಕರೂ ಚಿತ್ರ ಬದಲಾಗುತ್ತದೆ.

ಬಾಡಿಗೆದಾರರ ಕಡೆಯ ಹೊಣೆ ಎಂ ಕಲಮಿನಲ್ಲಿದೆ. ಮನೆ ಯಾವ ಸ್ಥಿತಿಯಲ್ಲಿ ಕೈಗೆ ಬಂತೋ ಅದೇ ಸ್ಥಿತಿಯಲ್ಲಿ ಇಟ್ಟುಕೊಂಡು, ಹಾಗೇ ವಾಪಸ್ ಕೊಡಬೇಕು. ಎರಡು ವಿನಾಯಿತಿ: ದಿನಬಳಕೆಯ ಸಹಜ ಸವೆತ, ಮತ್ತೆ ಯಾರ ಕೈಯಲ್ಲೂ ತಡೆಯಲಾಗದ ಶಕ್ತಿಯಿಂದ ಆದ ಹಾನಿ. ಸರಿಯಾದ ಹೊತ್ತಿನಲ್ಲಿ ಮಾಲೀಕರು ಬಂದು ನೋಡಲು ಬಿಡಬೇಕು. ನಮ್ಮಿಂದ, ನಮ್ಮ ಕೆಲಸದವರಿಂದ ಹಾಳಾದದ್ದಕ್ಕೆ ನೋಟಿಸ್ ಬಂದರೆ ಮೂರು ತಿಂಗಳಲ್ಲಿ ಸರಿ ಮಾಡಿಸಬೇಕು.

ಸಹಜ ಸವೆತ ಅಂದರೆ ಏನು? ನಮ್ಮ ಮನೆಯದ್ದೇ ಉದಾಹರಣೆ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಪ್ಲಂಬರ್ ಬಿಚ್ಚಿ ತೋರಿಸಿದ. ಒಳಗಿನ ರಬ್ಬರ್ ವಾಷರ್ ಸವೆದು ಅಂಚು ಹರಿದಿತ್ತು. ಯಾರ ತಪ್ಪೂ ಇಲ್ಲ, ತಿರುಗಿಸಿ ತಿರುಗಿಸಿ ಸವೆದದ್ದು. ಅದೇ ದಿನ ಅಡುಗೆಮನೆಯ ಸಿಂಕ್ ಪೈಪ್ ಕೂಡ ಬಿಚ್ಚಿಸಿದೆವು. ಒಳಗೆ ಅನ್ನದ ಗಂಜಿ, ಟೀ ಸೊಪ್ಪು ಗಟ್ಟಿಯಾಗಿ ಕೂತಿತ್ತು. ಅದು ಸವೆತ ಅಲ್ಲ, ನಮ್ಮ ಬಳಕೆಯಿಂದ ಆದದ್ದು. ಎರಡಕ್ಕೂ ನಾವೇ ದುಡ್ಡು ಕೊಟ್ಟೆವು. ಆದರೆ ಕಾರಣ ಬೇರೆ ಬೇರೆ. ವಾಷರ್‌ಗೆ ಕೊಟ್ಟದ್ದು "ಸಣ್ಣಪುಟ್ಟ ರಿಪೇರಿ" ಎಂಬ ಕರಾರಿನ ಸಾಲಿಗಾಗಿ, ಸಿಂಕ್‌ಗೆ ಕೊಟ್ಟದ್ದು ಎಂ ಕಲಮಿಗಾಗಿ. ಉತ್ತರ ಬರೆಯುವಾಗ ಈ ವ್ಯತ್ಯಾಸ ತೋರಿಸಿ.

ಮನೆ ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವುದು ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತು. ಕರಾರಿನಲ್ಲಿ ಬರೆದಿದ್ದರೆ ಅದು ನಡೆಯುತ್ತದೆ. ಬರೆದಿಲ್ಲದಿದ್ದರೆ? ಮೂರು ವರ್ಷದಲ್ಲಿ ಮಾಸಿದ ಬಣ್ಣ ನನ್ನ ಪ್ರಕಾರ ಸಹಜ ಸವೆತವೇ. ಮಾಲೀಕರು "ಇಲ್ಲಿನ ರೂಢಿ" ಅನ್ನಬಹುದು, ಮೊದಲ ಸಾಲಿನಲ್ಲಿ ರೂಢಿಗೂ ಜಾಗ ಇದೆ. ಆದರೆ ರೂಢಿ ಇದೆ ಅಂತ ಸಾಬೀತು ಮಾಡುವ ಹೊರೆ ಅವರ ಮೇಲೆ. ಮಕ್ಕಳು ಗೀಚಿದ ಗೋಡೆ, ಮೊಳೆ ಹೊಡೆದು ಕಿತ್ತುಬಂದ ಗಾರೆ ಬೇರೆ ಲೆಕ್ಕ. ಅದನ್ನು ಸವೆತ ಅನ್ನುವುದು ನ್ಯಾಯವಲ್ಲ.

ಇ ಕಲಮು ಚಿಕ್ಕದಾಗಿ ನೋಡೋಣ. ಬೆಂಕಿ, ಬಿರುಗಾಳಿ, ಪ್ರವಾಹದಂಥದ್ದರಿಂದ ಮನೆಯ ಮುಖ್ಯ ಭಾಗ ಪೂರ್ತಿ ನಾಶವಾದರೆ, ಅಥವಾ ಶಾಶ್ವತವಾಗಿ ಬಳಸಲಾಗದಂತಾದರೆ, ಬಾಡಿಗೆದಾರರು ಬಯಸಿದರೆ ಗುತ್ತಿಗೆ ರದ್ದು. "ಶಾಶ್ವತವಾಗಿ" ಎಂಬುದಕ್ಕೆ ಗೆರೆ ಎಳೆಯಿರಿ. ಒಂದು ವಾರ ನೆಲಮಹಡಿಯಲ್ಲಿ ನೀರು ನಿಂತರೆ ಸಾಲದು. ಕಟ್ಟಡವೇ ಬಿದ್ದರೂ ಬಾಡಿಗೆ ಹಕ್ಕು ತಾನಾಗಿ ಸಾಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಶಹಾ ರತನ್‌ಸಿ ಖೀಮ್‌ಜಿ ಪ್ರಕರಣದಲ್ಲಿ ಹೇಳಿದೆ.

ಇನ್ನು ಮಾದರಿ ಬಾಡಿಗೆ ಕಾಯ್ದೆ. ಕೇಂದ್ರ ಸಂಪುಟ ಒಪ್ಪಿದ್ದು 2021ರ ಜೂನ್ 2ರಂದು. ಹೆಸರೇ ಹೇಳುವ ಹಾಗೆ ಇದು ಮಾದರಿ. ರಾಜ್ಯ ತನ್ನದಾಗಿ ಕಾನೂನು ಮಾಡಿಕೊಂಡರೆ ಮಾತ್ರ ಅಲ್ಲಿ ಜಾರಿ. ಆದರೂ ಇದರ ಎರಡನೇ ಅನುಸೂಚಿಯನ್ನು ಓದಲೇಬೇಕು. 108 ಬಾಯಿ ಬಿಡದ ಕಡೆ ಇದು ನೇರವಾಗಿ ಮಾತಾಡುತ್ತದೆ. ಕಟ್ಟಡದ ಮೂಲ ರಿಪೇರಿ, ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ಪೈಪ್ ಬದಲಾವಣೆ, ವೈರಿಂಗ್ ಇವೆಲ್ಲ ಮಾಲೀಕರದ್ದು. ವಾಷರ್, ನಲ್ಲಿ, ಚರಂಡಿ ಕ್ಲೀನಿಂಗ್, ಗೀಸರ್, ಸ್ವಿಚ್, ಬೀಗ, ಕಿಟಕಿ ಗಾಜು ಬಾಡಿಗೆದಾರರದ್ದು. ಪೇಂಟಿಂಗ್ ಮಾಲೀಕರ ಪಟ್ಟಿಯಲ್ಲಿರುವುದು ಕಣ್ಣಿಗೆ ಬಿತ್ತಲ್ವಾ?

ಈ ಮಾದರಿ ಕಾಯ್ದೆಯಲ್ಲೂ ಮಾಲೀಕರು ಮಾಡಿಸದಿದ್ದರೆ ಖರ್ಚನ್ನು ಬಾಡಿಗೆಯಲ್ಲಿ ಹಿಡಿಯಬಹುದು, ಆದರೆ ಒಂದು ತಿಂಗಳಲ್ಲಿ ಅರ್ಧ ಬಾಡಿಗೆಗಿಂತ ಹೆಚ್ಚು ಹಿಡಿಯುವಂತಿಲ್ಲ. ಲೆಕ್ಕ ಹಾಕಿ. ಬಾಡಿಗೆ 18,000, ತಾರಸಿ ರಿಪೇರಿ 27,000. ತಿಂಗಳಿಗೆ 9,000ದಂತೆ ಮೂರು ತಿಂಗಳು. 108ರ ಎಫ್ ಕಲಮಿನಲ್ಲಿ ಈ ಮಿತಿ ಇಲ್ಲ, ಅಲ್ಲಿರುವ ಬಡ್ಡಿಯ ಮಾತು ಇಲ್ಲಿಲ್ಲ. ರಿಪೇರಿ ಇಲ್ಲದೆ ಮನೆ ವಾಸಕ್ಕೇ ಯೋಗ್ಯವಲ್ಲದಿದ್ದು, ಬರೆದು ತಿಳಿಸಿದ ಮೇಲೂ ಮಾಲೀಕರು ಒಪ್ಪದಿದ್ದರೆ, 15 ದಿನದ ನೋಟಿಸ್ ಕೊಟ್ಟು ಮನೆ ಬಿಡಬಹುದು.

ನಮ್ಮ ಗೋಡೆಗೆ ವಾಪಸ್ ಬರುತ್ತೇನೆ. ಜಗಳ ಆಡಲಿಲ್ಲ. ಬಾಡಿಗೆಯನ್ನೂ ನಿಲ್ಲಿಸಲಿಲ್ಲ. ಹಾಗೆ ನಿಲ್ಲಿಸಿದರೆ ಬಾಕಿದಾರರಾಗುವುದು ನಾವೇ. ಬಿರುಕಿನ ಫೋಟೋ, ಗೋಡೆಯ ಫೋಟೋ, ಇಬ್ಬರು ಮೇಸ್ತ್ರಿಗಳ ಅಂದಾಜು ಖರ್ಚು ಜೋಡಿಸಿ, ತಾರೀಕು ಹಾಕಿ ಒಂದು ಪತ್ರ ಬರೆದೆವು. ರಿಜಿಸ್ಟರ್ ಪೋಸ್ಟ್ ಮಾಡಿ, ಅದನ್ನೇ ವಾಟ್ಸಾಪ್‌ನಲ್ಲೂ ಕಳಿಸಿದೆವು. ನಿಮ್ಮ ಕರಾರು ಸಣ್ಣ ರಿಪೇರಿಯನ್ನು ಮಾತ್ರ ನಮಗೆ ಬಿಟ್ಟಿದೆ, ದೊಡ್ಡದು ನಿಮ್ಮದೇ ಎಂದು ಅದರಿಂದಲೇ ಅರ್ಥವಾಗುತ್ತದೆ ಎಂಬುದು ನಮ್ಮ ವಾದ. ಕೋರ್ಟಿನಲ್ಲಿ ಇದು ಗೆಲ್ಲಲೇಬೇಕು ಅಂತೇನಿಲ್ಲ. ಆದರೆ ಹದಿನೈದು ದಿನದಲ್ಲಿ ತಾರಸಿಗೆ ವಾಟರ್‌ಪ್ರೂಫಿಂಗ್ ಆಯಿತು. ಒಳಗಿನ ಗಾರೆಯ ಖರ್ಚು ಅರ್ಧ ಅರ್ಧ ಹಂಚಿಕೊಂಡೆವು.

11 ತಿಂಗಳು ಮುಗಿದು ಕರಾರು ನವೀಕರಿಸುವಾಗ ಒಂದು ಸಾಲು ಸೇರಿಸಿದೆವು. ಬೇಕಾದವರು ಬಳಸಿಕೊಳ್ಳಿ: "ತಾರಸಿ, ಗೋಡೆ, ಒಳಗಿನ ಪೈಪ್ ಮತ್ತು ವೈರಿಂಗ್ ರಿಪೇರಿ ಮಾಲೀಕರದ್ದು, ಬರವಣಿಗೆಯಲ್ಲಿ ತಿಳಿಸಿದ 30 ದಿನದೊಳಗೆ ಮಾಡಿಸದಿದ್ದರೆ ಬಾಡಿಗೆದಾರರು ಮಾಡಿಸಿ, ರಸೀದಿ ಕೊಟ್ಟು, ಬಾಡಿಗೆಯಲ್ಲಿ ಹಿಡಿದುಕೊಳ್ಳತಕ್ಕದ್ದು."