ಎತ್ತು ಮಾಡುವ ಮಣ್ಣಿನಲ್ಲಿ ಬೀಜ ಹಾಕಬೇಡಿ

ಮೇ ಕೊನೆಯ ವಾರದಿಂದ ಜುಲೈವರೆಗೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಥರ ಇರುತ್ತವೆ. "ಸರ್, ಮೆಣಸಿನ ಸಸಿ ಎಲ್ಲಾ ಒಂದ ರಾತ್ರ್ಯಾಗ ಮಕ್ಕೊಂಡಾವ್ರಿ. ದಿನಾ ಎರಡ ಹೊತ್ತು ನೀರ ಹಾಕೇನ್ರಿ, ಗೊಬ್ಬರ ಹಾಕೇನ್ರಿ, ಏನೂ ಕಡಿಮಿ ಮಾಡಿಲ್ಲ." ನಾನು ಕೇಳುವುದು ಒಂದೇ ಪ್ರಶ್ನೆ. ಮಣ್ಣು ಎಲ್ಲಿಂದ ತಂದ್ರಿ? ಉತ್ತರ ಬಹಳ ಹೆಮ್ಮೆಯಿಂದ ಬರುತ್ತದೆ. "ನಮ್ಮ ಹೊಲದ್ದ ರೀ. ಚಲೋ ಎರಿ ಮಣ್ಣು!"

ಅಲ್ಲಿಗೆ ನನಗೆ ಕಾರಣ ಗೊತ್ತಾಗುತ್ತದೆ.

ನಾನು ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದಿ, ಬಾಗಲಕೋಟೆಯಲ್ಲಿ ನರ್ಸರಿ ನಡೆಸಿಕೊಂಡು ಬಂದವನು. ಮನೆಯಲ್ಲಿ ಬೀಜ ಹಾಕಿ ಸಸಿ ಮಾಡುವವರಿಗೆ ಜಾಗ ಹೊಂದಿಸಿಕೊಡುವುದೂ ನನ್ನ ಕೆಲಸವೇ. ಯಾವ ಬೀಜ, ಯಾವ ಕಾಲ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ನಿಮ್ಮ ಮನೆಯ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳಬೇಕಿರುವುದು ಮಣ್ಣಿನ ಮಾತು. ಎಷ್ಟು ಸಲ ಹೇಳಿದರೂ ಜನ ಒಪ್ಪದ ಮಾತು ಅದೇ.

ನಮ್ಮ ಎರೆಮಣ್ಣು, ಅಂದರೆ ಹೊಲದ ಜಿಗುಟು ಕಪ್ಪು ಮಣ್ಣು, ಕೆಟ್ಟದ್ದು ಅಂತ ನಾನು ಎಲ್ಲಿಯೂ ಹೇಳಿಲ್ಲ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಅಂತ ಹೊಳೆಯ ಮೇಲೇ ಗಾದೆ ಇರುವ ಸೀಮೆ ನಮ್ಮದು. ಹಿಂಗಾರಿಯಲ್ಲಿ ಮೇಲಿಂದ ಒಂದು ಹನಿ ಬೀಳದಿದ್ದರೂ ಜೋಳ ತೆನೆ ಕಟ್ಟುತ್ತದೆ ಅಂದರೆ ಅದು ಈ ಮಣ್ಣು ಒಳಗೆ ಹಿಡಿದಿಟ್ಟುಕೊಂಡ ನೀರಿನಿಂದ. ಹೊಲದಲ್ಲಿ ಅದು ಬಂಗಾರ. ಕುಂಡದಲ್ಲಿ, ಅದರಲ್ಲೂ ಸಣ್ಣ ಸಣ್ಣ ಕುಳಿಗಳಿರುವ ಸಸಿ ಟ್ರೇಯಲ್ಲಿ, ಅದೇ ಗುಣ ಸಸಿಯ ಕುತ್ತಿಗೆ ಹಿಡಿಯುತ್ತದೆ.

ಯಾಕೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಎರೆಮಣ್ಣಿನ ಕಣ ಬಹಳ ಸಣ್ಣ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಹೊಲದಲ್ಲಿ ಈ ಮಣ್ಣು ಆಳಕ್ಕೆ ಒಂದೇ ಸಮ ಹಾಸಿಕೊಂಡಿರುತ್ತದೆ. ಮೇಲೆ ಬಿದ್ದ ನೀರನ್ನು ಕೆಳಗಿನ ಒಣ ಮಣ್ಣು ಎಳೆದುಕೊಳ್ಳುತ್ತಾ ಹೋಗುತ್ತದೆ. ಕುಂಡದಲ್ಲಿ ಹಾಗೆ ಎಳೆಯುವವರು ಯಾರೂ ಇಲ್ಲ. ತಳದ ತೂತಿನ ಕೆಳಗೆ ಇರುವುದು ಬರೀ ಗಾಳಿ. ಹಾಗಾಗಿ ತಳದ ಮಣ್ಣು ಪೂರ್ತಿ ನೀರು ತುಂಬಿಕೊಂಡ ಮೇಲೇನೇ ತೂತಿನಿಂದ ಹನಿ ಬೀಳುತ್ತದೆ. ಹನಿ ನಿಂತ ಮೇಲೂ ತಳದಲ್ಲಿ ಒಂದು ಪದರ ನೀರಿನಿಂದ ತುಂಬಿಯೇ ಇರುತ್ತದೆ. ಕಣ ಸಣ್ಣದಾದಷ್ಟೂ ಆ ಪದರ ಎತ್ತರ. ಕುಂಡ ದೊಡ್ಡದಿರಲಿ ಸಣ್ಣದಿರಲಿ, ಒಂದೇ ಮಣ್ಣಿಗೆ ಆ ಎತ್ತರ ಹೆಚ್ಚುಕಡಿಮೆ ಅಷ್ಟೇ. ಈಗ ಟ್ರೇಯ ಕುಳಿ ನೋಡಿ. ಅದರ ಆಳ ಒಂದೂವರೆ ಇಂಚಿನ ಆಸುಪಾಸು. ಎರೆಮಣ್ಣು ತುಂಬಿದರೆ ಇಡೀ ಕುಳಿಯೇ ಆ ಒದ್ದೆ ಪದರ! ಬೇರಿಗೆ ಗಾಳಿ ಎಲ್ಲಿಂದ ಬರಬೇಕು?

ನಂಬಿಕೆ ಬರದಿದ್ದರೆ ಪಾತ್ರೆ ತೊಳೆಯುವ ಹೊಸ ಸ್ಪಾಂಜ್ ತಗೊಳ್ಳಿ. ನೀರಲ್ಲಿ ಪೂರ್ತಿ ಅದ್ದಿ, ಅಂಗೈ ಮೇಲೆ ಅಡ್ಡ ಇಟ್ಟುಕೊಳ್ಳಿ. ಹನಿ ಸೋರಿ ಸೋರಿ ನಿಲ್ಲುತ್ತದೆ. ಇನ್ನು ನೀರಿಲ್ಲ ಅನ್ನಿಸುತ್ತದೆ. ಈಗ ಅದನ್ನೇ, ಹಿಂಡಬೇಡಿ, ಸುಮ್ನೆ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಅಡ್ಡ ಇದ್ದಾಗ ಗಿಡ್ಡವಾಗಿತ್ತು, ಅಷ್ಟೂ ನೀರು ಒಳಗೇ ಕೂತಿತ್ತು. ನಿಮ್ಮ ಟ್ರೇ ಅಡ್ಡ ಇಟ್ಟ ಸ್ಪಾಂಜ್ ಇದ್ದ ಹಾಗೆ. ನರ್ಸರಿಗೆ ಬಂದವರಿಗೆಲ್ಲ ನಾನು ಇದನ್ನು ಮಾಡಿ ತೋರಿಸುತ್ತೇನೆ. ಬಾಯಿಮಾತಿಗೆ ತಲೆ ಅಲ್ಲಾಡಿಸುವವರು ಸ್ಪಾಂಜ್ ನೋಡಿದ ಮೇಲೆ ಒಂದು ಕ್ಷಣ ಸುಮ್ಮನಾಗುತ್ತಾರೆ.

ಇದು ಗೊತ್ತಾದರೆ ಇನ್ನೊಂದು ತಪ್ಪೂ ತಾನಾಗಿ ಹೋಗುತ್ತದೆ. ಕುಂಡದ ತಳಕ್ಕೆ ಖಡಿ, ಇಟ್ಟಿಗೆ ಚೂರು ನಾಲ್ಕು ಬೆರಳು ಹಾಕುತ್ತಾರೆ, ನೀರು ಚೆನ್ನಾಗಿ ಬಸಿಯಲಿ ಅಂತ. ಬಸಿಯುವುದಿಲ್ಲ. ಸಣ್ಣ ಕಣದ ಮಣ್ಣು ಪೂರ್ತಿ ತುಂಬುವವರೆಗೆ ಕೆಳಗಿನ ಖಡಿಗೆ ನೀರು ಬಿಡುವುದೇ ಇಲ್ಲ. ಆ ಒದ್ದೆ ಪದರ ನಾಲ್ಕು ಬೆರಳು ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬರುತ್ತದೆ ಅಷ್ಟೇ. ಮಣ್ಣು ಸೋರಿ ಹೋಗದಂತೆ ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು.

ಹಾಗಾದರೆ ಎರೆಮಣ್ಣಿಗೆ ಉಸುಕು ಕಲಸಿದರೆ ಆಗಲ್ವಾ ಅಂತ ಕೇಳುತ್ತಾರೆ. ಒಂದು ಬುಟ್ಟಿ ಮಣ್ಣಿಗೆ ಎರಡು ಬೊಗಸೆ ಉಸುಕು ಕಲಸಿ ನೋಡಿದ್ದೇನೆ. ಒಣಗಿದ ಮೇಲೆ ಗಟ್ಟಿ ಹೆಂಟೆಯಾಗುತ್ತದೆ, ಕೊನೆಗೆ ಕಳೆ ತೆಗೆಯುವ ಕುರ್ಚಿಗಿಯಿಂದ ಕೆತ್ತಬೇಕಾಯಿತು. ಅರ್ಧಕ್ಕಿಂತ ಜಾಸ್ತಿ ಉಸುಕೇ ಇದ್ದರೆ ಮಾತ್ರ ಗುಣ ಬದಲಾಗುತ್ತದೆ. ಅಷ್ಟು ಭಾರದ ಟ್ರೇಯನ್ನು ಯಾರು ಎತ್ತುತ್ತಾರೆ?

ಪರೀಕ್ಷೆ ಬಹಳ ಸುಲಭ. ಮಣ್ಣೆತ್ತಿನ ಅಮಾವಾಸ್ಯೆಗೆ ನಾವೆಲ್ಲ ಎತ್ತು ಮಾಡಿದವರೇ. ಒಂದು ಹಿಡಿ ಮಣ್ಣು ಒದ್ದೆ ಮಾಡಿ ಕೈಯಲ್ಲಿ ನಾದಿ. ಅದರಲ್ಲಿ ಎತ್ತಿನ ಕೋಡು ಮಾಡಿ ನಿಲ್ಲಿಸಲು ಬಂದರೆ ಅದು ಬೀಜಕ್ಕೆ ಬರುವುದಿಲ್ಲ. ಹಿಂಡಿದಾಗ ಮುದ್ದೆಯಾಗಿ, ಬೆರಳಿನಿಂದ ಮುಟ್ಟಿದರೆ ಉದುರಬೇಕು. ಅಂಥದ್ದರಲ್ಲಿ ಬೀಜ ಹಾಕಿ.

ನಾನು ಟ್ರೇಗೆ ತುಂಬುವುದು ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಸಾಣಿಗೆಯಲ್ಲಿ ಸೋಸಿದ ಎರೆಹುಳು ಗೊಬ್ಬರ. ಜೊತೆಗೆ ಸ್ವಲ್ಪ ಟ್ರೈಕೋಡರ್ಮಾ ಪುಡಿ, ಅಂದರೆ ಬೇರಿನ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ. ಇದರಲ್ಲಿ ಮಣ್ಣೇ ಇಲ್ಲ ಅಂತ ಗಾಬರಿಯಾಗಬೇಡಿ. ಮೊದಲ 25 ದಿನ ಸಸಿಗೆ ಬೇಕಾದದ್ದು ಗಾಳಿ ಮತ್ತು ಹದ. ಕೊಕೊಪೀಟಿನ 5 ಕಿಲೋ ಗಟ್ಟಿ ನೆನೆದರೆ 60 ಲೀಟರಿನ ಮೇಲಾಗುತ್ತದೆ. ಒಂದು ಮನೆಗೆ ವರ್ಷಕ್ಕೆ ಸಾಕು. ಅದರಲ್ಲಿ ಉಪ್ಪಿನ ಅಂಶ ಇರಬಹುದು, ಎರಡು ಸಲ ನೆನೆಸಿ ನೀರು ಬಸಿದು ಬಳಸಿ. ಸಸಿ ದೊಡ್ಡದಾಗಿ ಕುಂಡಕ್ಕೆ ಹೋಗುವಾಗ ಮಸಾರಿ ಮಣ್ಣು (ಉದುರುವ ಕೆಂಪು ಮಣ್ಣು), ಕೊಕೊಪೀಟ್, ಹಳೆಯ ತಿಪ್ಪೆಗೊಬ್ಬರ ಸಮ ಪಾಲು. ಬಾದಾಮಿ ಕಡೆಯ ಮಸಾರಿ ನಮಗೆ ಸಿಗುತ್ತದೆ, ಬೆಳಗಾವಿಯವರಿಗೆ ಖಾನಾಪುರದ ಕೆಂಪು ಮಣ್ಣಿದೆ. ಇದೇ ಅಳತೆ ಎಲ್ಲರಿಗೂ ಸರಿಹೋಗುತ್ತದೆ ಅಂತ ಹೇಳಲಾರೆ. ನಿಮ್ಮ ಮನೆಯ ಬಿಸಿಲು, ನೀರು ನಾನು ನೋಡಿಲ್ಲ. ಮೊದಲು ಒಂದೇ ಟ್ರೇ ಮಾಡಿ ನೋಡಿ.

ಬಾಗಲಕೋಟೆಯ ನವನಗರದಲ್ಲಿ ನಿವೃತ್ತ ಮಾಸ್ತರರೊಬ್ಬರು ಇದ್ದಾರೆ. ಅವರ ಹೊಲ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಹೊಲದ ಒಂದು ಅಂಚು ಮೇಲೆ ಬರುತ್ತದಂತೆ. ಮಗನನ್ನು ಕರೆದುಕೊಂಡು ಹೋಗಿ ಅಲ್ಲಿಂದ ಎರಡು ಚೀಲ ಮಣ್ಣು ತಂದಿದ್ದರು. ಮೂರು ಮಳೆಗಾಲ ಅದರಲ್ಲೇ ಬೀಜ ಹಾಕಿದರು. ಮೂರು ಸಲವೂ ಸಸಿ ಹೋದವು. ನಾನು ಅವರ ಮನೆಗೆ ಹೋದಾಗ ಚೀಲದ ಬಾಯಿ ಬಿಚ್ಚಿ, ಒಂದು ಹೆಂಟೆ ತೆಗೆದು ನನ್ನ ಕೈಗಿಟ್ಟರು. "ನಮ್ಮಪ್ಪ ಉತ್ತಿದ ಮಣ್ಣ ಇದು. ಇದರಾಗ ಬೆಳೀಲಿಲ್ಲಂದ್ರ ಮತ್ಯಾವುದರಾಗ ಬೆಳೀತೈತಿ ಹೇಳ್ರಿ?" ಆ ಮಾತಿಗೆ ನಾನು ಏನು ಹೇಳಲಿ? ಇದು ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಅವತ್ತು ಚಹಾ ಕುಡಿದು ಬಂದುಬಿಟ್ಟೆ.

ಮರುವಾರ ಸ್ಪಾಂಜ್ ತಗೊಂಡು ಹೋದೆ. ಮಾಸ್ತರರು ಮಕ್ಕಳಿಗೆ ವಿಜ್ಞಾನ ಕಲಿಸಿದವರು. ತಾವೇ ನಾಲ್ಕು ಸಲ ಮಾಡಿ ನೋಡಿದರು. ಆಮೇಲೆ ಇಬ್ಬರೂ ಕೂಡಿ ಒಂದು ದಾರಿ ಮಾಡಿಕೊಂಡೆವು. ಟ್ರೇಗೆ ಆ ಮಣ್ಣು ಒಂದು ಚಿಟಿಕೆಯೂ ಬೇಡ. ಸಸಿ ದೊಡ್ಡ ಕುಂಡಕ್ಕೆ ಹೋಗುವಾಗ ಎಂಟು ಪಾಲು ಮಿಶ್ರಣಕ್ಕೆ ಒಂದು ಪಾಲು ಪುಡಿ ಮಾಡಿ ಸೇರಿಸುವುದು. ಅಷ್ಟಿದ್ದರೆ ತೊಂದರೆ ಇಲ್ಲ, ಗೊಬ್ಬರದ ಸತ್ವ ಹಿಡಿದಿಡಲು ಅನುಕೂಲವೇ. ಈಗ ಅವರ ಮನೆಯ ಪ್ರತಿ ಕುಂಡದಲ್ಲೂ ಆ ಹೊಲ ಒಂದಿಷ್ಟು ಇದೆ.

ಇನ್ನು ಜಾಗ. ಇದಕ್ಕೆ ಜನ ಸುಮ್ನೆ ದುಡ್ಡು ಸುರಿಯುತ್ತಾರೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಪರಸಿ ಕಲ್ಲಿನ ಚಪ್ಪಡಿ ಒಂದು, ಅದನ್ನು ಸೊಂಟದ ಎತ್ತರಕ್ಕೆ ನಿಲ್ಲಿಸಲು ಸಿಮೆಂಟ್ ಇಟ್ಟಿಗೆಯ ಎರಡು ಸಾಲು, ಇಷ್ಟೇ. ಎತ್ತರ ಮುಖ್ಯ. ನೆಲದ ಮೇಲೆ ಕೂತು ಮಾಡುವ ಕೆಲಸವನ್ನು ಮೂರನೇ ದಿನ ಬೆನ್ನು ಬಿಡಿಸುತ್ತದೆ. ಕಲ್ಲಿನ ಕೆಳಗೆ ಮುಚ್ಚಳವಿರುವ ಎರಡು ಡಬ್ಬ, ಒಂದರಲ್ಲಿ ಟ್ರೇ ಮಿಶ್ರಣ, ಇನ್ನೊಂದರಲ್ಲಿ ಕುಂಡದ್ದು. ಸಾಣಿಗೆ, ಕುರ್ಚಿಗಿ, ಬೀಜದ ಹೆಸರು ಬರೆಯಲು ಐಸ್‌ಕ್ರೀಮ್ ಕಡ್ಡಿ ಮತ್ತು ಪೆನ್ಸಿಲ್. ಪೆನ್ನು ಬೇಡ, ಬಿಸಿಲಿಗೆ ಅಳಿಸಿ ಹೋಗುತ್ತದೆ.

ಮನೆಯ ಪೂರ್ವ ದಿಕ್ಕು ಒಳ್ಳೆಯದು. ಬೆಳಗಿನ ಬಿಸಿಲು ಬೀಳಬೇಕು, ಹನ್ನೊಂದರ ಮೇಲೆ ನೆರಳು ಬರಬೇಕು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಮಾಳಿಗೆಯ ಮೇಲೆ ಟ್ರೇಯನ್ನು ನೇರ ಸ್ಲ್ಯಾಬಿಗೆ ಇಟ್ಟರೆ ಬೇರು ಬೆಂದು ಹೋಗುತ್ತದೆ. ಮಾಳಿಗೆಯೇ ಗತಿ ಅಂದರೆ ಕಟ್ಟೆ ಮಾಡಿ, ಮೇಲೆ 50 ಪರ್ಸೆಂಟ್ ನೆರಳಿನ ಹಸಿರು ಜಾಲರಿ ಕಟ್ಟಿ.

ಬೀಜ ಹಾಕಿದ ಟ್ರೇಯನ್ನು ಒದ್ದೆ ಗೋಣಿಚೀಲ ಮುಚ್ಚಿ ಒಳಗೆ ಇಡಬಹುದು. ಟೊಮೆಟೊ ಐದಾರು ದಿನ, ಮೆಣಸಿನಕಾಯಿ, ಮುಳಗಾಯಿ ಎಂಟು ಹತ್ತು ದಿನ ತಗೊಳ್ಳುತ್ತವೆ. ಮೂರನೇ ದಿನದಿಂದ ಬೆಳಿಗ್ಗೆ ಸಂಜೆ ಚೀಲ ಎತ್ತಿ ನೋಡಿ. ಮೊದಲ ಮೊಳಕೆ ಕಂಡ ದಿನವೇ ಬೆಳಕಿಗೆ ತರಬೇಕು. ನಾಳೆ ಅಂದರೆ ದಾರದ ಹಾಗೆ ಉದ್ದ ಎದ್ದುಬಿಡುತ್ತವೆ, ಆಮೇಲೆ ಗಟ್ಟಿಯಾಗುವುದಿಲ್ಲ. ಗಜ್ಜರಿ, ಮೂಲಂಗಿ, ಮೆಂತ್ಯ, ಚವಳಿ, ಬೆಂಡಿ ಇವಕ್ಕೆಲ್ಲ ಟ್ರೇ ಬೇಡ, ಬೆಳೆಯುವ ಜಾಗದಲ್ಲೇ ಹಾಕಿ.

ಬುಡ ದಾರದಂತೆ ಸಣ್ಣಗಾಗಿ ಸಸಿ ಬಿದ್ದಿದ್ದರೆ ಅದು ಒದ್ದೆ ಮಣ್ಣಿನಲ್ಲಿ ಹಬ್ಬುವ ಶಿಲೀಂಧ್ರದ ರೋಗ. ಬಿದ್ದದ್ದು ಏಳುವುದಿಲ್ಲ. ಔಷಧ ಹುಡುಕುತ್ತಾ ಕೂರದೆ ಆ ಸಸಿಗಳನ್ನು ಕಿತ್ತು ದೂರ ಎಸೆಯಿರಿ, ನೀರು ಹಾಕುವುದನ್ನು ನಿಲ್ಲಿಸಿ, ಗಾಳಿ ಆಡುವ ಕಡೆ ಟ್ರೇ ಇಡಿ. ಉಳಿದವು ಉಳಿಯಬಹುದು. ಆ ಮಿಶ್ರಣವನ್ನು ಮತ್ತೆ ಬಳಸಬೇಡಿ.

ನೀರಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಕಡೆಯ ಎಷ್ಟೋ ಬೋರಿನ ನೀರಲ್ಲೇ ಉಪ್ಪು ಜಾಸ್ತಿ. ಕುಡಿಯುವ ನೀರಿನ ಫಿಲ್ಟರ್ ಹೊರಗೆ ಬಿಡುವ ನೀರಲ್ಲಿ ಅದು ಇನ್ನೂ ಜಾಸ್ತಿ. ಹಾಳಾಗಬಾರದು ಅಂತ ಅದನ್ನೇ ಸಸಿಗೆ ಹಾಕುವ ತಾಯಂದಿರು ಬಹಳ ಇದ್ದಾರೆ. ಅವರ ಮನಸ್ಸು ಒಳ್ಳೆಯದು, ಆದರೆ ಎಳೆಯ ಬೇರಿಗೆ ಅದು ತಡೆಯುವುದಿಲ್ಲ. ಅದನ್ನು ಅಂಗಳ ತೊಳೆಯಲು ಬಳಸಿ. ಸಸಿಗೆ ಮಳೆ ನೀರು ಹಿಡಿದಿಟ್ಟುಕೊಳ್ಳಿ, ಇಲ್ಲವೇ ನದಿಯ ನಳದ ನೀರು ಹಾಕಿ.

ಎಷ್ಟು ನೀರು, ಎಷ್ಟು ಹೊತ್ತಿಗೆ ಅಂತ ಗಡಿಯಾರ ನೋಡಿ ಹಾಕಬೇಡಿ. ಬೆಳಿಗ್ಗೆ ಟ್ರೇಯ ಒಂದು ತುದಿ ಹಿಡಿದು ಎತ್ತಿ. ನೀರು ಹಾಕಿದ ತಕ್ಷಣ ಒಮ್ಮೆ ಎತ್ತಿ ನೋಡಿ, ಮರುದಿನ ಮತ್ತೆ ಎತ್ತಿ ನೋಡಿ. ಒಂದು ವಾರದಲ್ಲಿ ಕೈಗೇ ತೂಕ ಗೊತ್ತಾಗುತ್ತದೆ. ಮಾಸ್ತರರ ಮನೆಯಲ್ಲಿ ಈ ಕೆಲಸ ಈಗ ಅವರ ಮೊಮ್ಮಗಳದ್ದು. ಸಾಲೆಗೆ ಹೋಗುವ ಮೊದಲು ಪರಸಿ ಕಲ್ಲಿನ ಹತ್ತಿರ ಬಂದು ಟ್ರೇ ಎತ್ತುತ್ತಾಳೆ. "ಅಜ್ಜಾ, ಇನ್ನೂ ವಜ್ಜಿ ಐತಿ" ಅಂದರೆ ಅವತ್ತು ನೀರಿಲ್ಲ.