ಡೇಟಾಬೇಸನ್ನು ಕೊಂದವರು ಯಾರು?

ಸೈಟು ಕಟ್ಟಿ ನಡೆಸುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ನಡೆಯುವ ಒಂದು ಸಣ್ಣ ಸುದ್ದಿ ಸೈಟು ಇದೆ ಅಂದುಕೊಳ್ಳಿ. ಬಾಡಿಗೆಗೆ ತೆಗೆದುಕೊಂಡ ಒಂದೇ ಸರ್ವರ್, 2 ಜಿಬಿ ಮೆಮೊರಿ. ಪುಟ ಸಿದ್ಧಮಾಡಿ ಕೊಡುವ ಅಪಾಚೆ ಮತ್ತು ಪಿಎಚ್‌ಪಿ ಅದರಲ್ಲೇ ಇವೆ. ಬರಹಗಳನ್ನೆಲ್ಲ ಇಟ್ಟುಕೊಂಡಿರುವ ಮೈಎಸ್‌ಕ್ಯುಎಲ್ ಡೇಟಾಬೇಸ್ ಕೂಡ ಅದರಲ್ಲೇ. ತಿಂಗಳುಗಟ್ಟಲೆ ಎಲ್ಲ ಸರಿಯಾಗಿರುತ್ತದೆ. ಒಂದು ದಿನ ಯಾವುದೋ ಸುದ್ದಿ ವಾಟ್ಸಾಪ್‌ನಲ್ಲಿ ಹರಿದಾಡಿ ಜನ ಒಟ್ಟಿಗೇ ನುಗ್ಗುತ್ತಾರೆ. ಪುಟದ ಬದಲು ‘ಎರರ್ ಎಸ್ಟಾಬ್ಲಿಶಿಂಗ್ ಎ ಡೇಟಾಬೇಸ್ ಕನೆಕ್ಷನ್’ ಎಂಬ ಒಂದೇ ಸಾಲು ಕಾಣುತ್ತದೆ. ಡೇಟಾಬೇಸ್ ನಿಂತುಹೋಗಿದೆ.

ಡೇಟಾಬೇಸ್‌ಗೆ ಹೊರೆ ಜಾಸ್ತಿಯಾಯಿತು, ಬೇರೆ ಸರ್ವರ್‌ಗೆ ಹಾಕಿ ಎಂದು ಯಾರಾದರೂ ಸಲಹೆ ಕೊಡುತ್ತಾರೆ. ಆದರೆ ಮೈಎಸ್‌ಕ್ಯುಎಲ್‌ನ ಲಾಗ್, ಅಂದರೆ ನಡೆದದ್ದನ್ನೆಲ್ಲ ಬರೆದಿಡುವ ದಾಖಲೆ, ನೋಡಿದರೆ ಅದು ಹೊರೆ ತಾಳದೆ ಬಿದ್ದ ಗುರುತು ಸಿಗದೇ ಇರಬಹುದು. ಸುಳಿವು ಇರುವುದು ಸರ್ವರ್ ನಡೆಸುವ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲಾಗ್‌ನಲ್ಲಿ. ಮೆಮೊರಿ ಮುಗಿಯಿತು, ಮೈಎಸ್‌ಕ್ಯುಎಲ್ ಅನ್ನು ಕೊಂದೆ ಎಂದು ಕರ್ನಲ್ ತಾನೇ ಬರೆದಿಟ್ಟಿರುತ್ತದೆ.

ಪ್ರೋಗ್ರಾಮ್‌ಗಳು ಬಳಸುವುದಕ್ಕಿಂತ ಹೆಚ್ಚು ಮೆಮೊರಿ ಕೇಳುವುದು ಮಾಮೂಲು. ಅದು ಗೊತ್ತಿರುವುದರಿಂದ ಲಿನಕ್ಸ್ ಕೂಡ ಇರುವುದಕ್ಕಿಂತ ಹೆಚ್ಚೇ ಮಂಜೂರು ಮಾಡುತ್ತದೆ. ಎಲ್ಲರೂ ನಿಜವಾಗಿ ಬಳಸತೊಡಗಿ ಜಾಗ ಮುಗಿದಾಗ ಯಾರನ್ನಾದರೂ ಹೊರಹಾಕಲೇಬೇಕು. ಈ ಕೆಲಸಕ್ಕೆಂದೇ ಕರ್ನಲ್‌ನಲ್ಲಿ ‘ಓಓಎಂ ಕಿಲ್ಲರ್’ ಇದೆ (ಓಓಎಂ ಎಂದರೆ ಔಟ್ ಆಫ್ ಮೆಮೊರಿ, ಮೆಮೊರಿ ಖಾಲಿ). ಅದು ಪ್ರತಿ ಪ್ರೊಸೆಸ್‌ಗೂ, ಅಂದರೆ ನಡೆಯುತ್ತಿರುವ ಪ್ರತಿ ಪ್ರೋಗ್ರಾಮ್‌ಗೂ, ಅಂಕ ಕೊಡುತ್ತದೆ. ಯಾರು ಹೆಚ್ಚು ಮೆಮೊರಿ ಹಿಡಿದಿದ್ದಾರೋ ಅವರಿಗೆ ಹೆಚ್ಚು ಅಂಕ. ಅತಿ ಹೆಚ್ಚು ಅಂಕ ಬಂದವರು ಔಟ್.

ಈಗ ಲೆಕ್ಕ ನೋಡಿ. ಮೈಎಸ್‌ಕ್ಯುಎಲ್ ಸುಮಾರು 500 ಎಂಬಿ ಹಿಡಿದು ಕೂತಿದೆ ಎನ್ನೋಣ. ಬಂದ ಒಂದೊಂದು ಕೋರಿಕೆಗೂ ಒಂದೊಂದು ಪಿಎಚ್‌ಪಿ ಪ್ರೊಸೆಸ್, ತಲಾ 50 ಎಂಬಿ. ಇಪ್ಪತ್ತು ಜನ ಒಟ್ಟಿಗೆ ಬಂದರೆ 1 ಜಿಬಿ ಹೋಯಿತು. ಮೂವತ್ತು ಜನ ಬಂದರೆ ಸರ್ವರ್ ಭರ್ತಿ. ಪ್ರತಿ ಕೋರಿಕೆಗೂ ಪ್ರತ್ಯೇಕ ಪ್ರೊಸೆಸ್ ಇಡುವ ಹಳೆಯ ರೀತಿಯಲ್ಲಿ ಅಪಾಚೆಯ ಮೂಲ ಮಿತಿ 256. ಅಂದರೆ 12 ಜಿಬಿಗೂ ಹೆಚ್ಚು! ಮೆಮೊರಿ ತಿಂದವು ಈ ಪುಟ್ಟ ಪ್ರೊಸೆಸ್‌ಗಳು. ಆದರೆ ಬಿಡಿಬಿಡಿಯಾಗಿ ನೋಡಿದರೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮೈಎಸ್‌ಕ್ಯುಎಲ್. ಗಲಾಟೆ ಮಾಡಿದ್ದು ಹುಡುಗರ ಗುಂಪು, ಮೇಷ್ಟ್ರ ಕೈಗೆ ಸಿಕ್ಕಿದ್ದು ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿದ್ದ ಉದ್ದನೆಯ ಹುಡುಗ.

ಹೀಗಾಗಿ ಮೊದಲ ಮದ್ದು ಹೊಸ ಸರ್ವರ್ ಅಲ್ಲ. 256 ಎಂಬ ಮಿತಿಯನ್ನು 20ಕ್ಕೆ ಇಳಿಸುವುದು. ಇಪ್ಪತ್ತೊಂದನೆಯವರು ಒಂದು ಕ್ಷಣ ಕಾಯುತ್ತಾರೆ, ಅಷ್ಟೇ. ಬೇಕಿದ್ದರೆ ಮೈಎಸ್‌ಕ್ಯುಎಲ್‌ನ ಅಂಕವನ್ನು ತಗ್ಗಿಸಿ ಓಓಎಂ ಕಿಲ್ಲರ್‌ನ ಕಣ್ಣಿನಿಂದ ಮರೆಮಾಡಬಹುದು. ಆದರೆ ಮಿತಿ ಹಾಕದೆ ಇದನ್ನಷ್ಟೇ ಮಾಡಿದರೆ ಸಾಯುವವರು ಬದಲಾಗುತ್ತಾರೆ, ಸಾವು ತಪ್ಪುವುದಿಲ್ಲ.

ಇನ್ನೊಂದು ಎಚ್ಚರಿಕೆ. ಡೇಟಾಬೇಸ್ ತನ್ನ ಮಾಹಿತಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗಕ್ಕೆ ‘ಬಫರ್ ಪೂಲ್’ ಎನ್ನುತ್ತಾರೆ. ಮೈಎಸ್‌ಕ್ಯುಎಲ್‌ನಲ್ಲಿ ಅದು ಬಹುಕಾಲದಿಂದ 128 ಎಂಬಿಯಿಂದ ಶುರುವಾಗುತ್ತದೆ. ಒಟ್ಟು ಮೆಮೊರಿಯ 80% ತನಕ ಕೊಡಬಹುದು ಎಂಬ ಸಲಹೆ ಅದರ ಕೈಪಿಡಿಯಲ್ಲೇ ಇದೆ. ಅದು ಡೇಟಾಬೇಸ್ ಒಂದಕ್ಕೇ ಮೀಸಲಾದ ಸರ್ವರ್‌ಗೆ ಹೇಳಿದ ಮಾತು. ಅಪಾಚೆಯಂಥ ವೆಬ್ ಸರ್ವರ್ ಕೂಡ ಇರುವ ಕಡೆ ಅದನ್ನೇ ನಕಲು ಹೊಡೆದರೆ ಕಥೆ ಮುಗಿಯಿತು.

ವೆಬ್ ಸರ್ವರ್ ಮತ್ತು ಡೇಟಾಬೇಸನ್ನು ಬೇರೆ ಬೇರೆ ಮಾಡಿದರೆ ಸೈಟು ವೇಗವಾಗುತ್ತದೆ ಎಂಬ ನಂಬಿಕೆಯೂ ಇದೆ. ಸರ್ವರ್ ಉಸಿರುಗಟ್ಟಿರದಿದ್ದರೆ ಸಾಮಾನ್ಯವಾಗಿ ಆಗುವುದು ಉಲ್ಟಾ. ಒಂದೇ ಸರ್ವರ್‌ನಲ್ಲಿದ್ದರೆ ಪಿಎಚ್‌ಪಿಯ ಪ್ರಶ್ನೆ ನೆಟ್‌ವರ್ಕ್‌ಗೆ ಇಳಿಯುವುದೇ ಇಲ್ಲ, ‘ಯುನಿಕ್ಸ್ ಸಾಕೆಟ್’ ಮೂಲಕ ಒಳಗೊಳಗೇ ಮುಗಿಯುತ್ತದೆ. ಒಂದೇ ಡೇಟಾ ಸೆಂಟರ್‌ನ ಎರಡು ಸರ್ವರ್‌ಗಳ ನಡುವೆ ಹೋಗಿಬರಲು ಅರ್ಧ ಮಿಲಿಸೆಕೆಂಡ್ ಹಿಡಿಯಿರಿ. ಒಂದು ಪುಟಕ್ಕೆ ಒಂದರ ಹಿಂದೆ ಒಂದರಂತೆ 60 ಪ್ರಶ್ನೆ ಹೋದರೆ 30 ಮಿಲಿಸೆಕೆಂಡ್. ಇದನ್ನು ಸಹಿಸಬಹುದು. ಸೈಟು ಬೆಂಗಳೂರಿನಲ್ಲಿ, ಡೇಟಾಬೇಸ್ ಮುಂಬೈಯಲ್ಲಿ ಇದ್ದರೆ? ನೇರ ದೂರ ಸುಮಾರು 840 ಕಿ.ಮೀ. ಫೈಬರ್‌ನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗಿಬರಲು 8 ಮಿಲಿಸೆಕೆಂಡ್‌ಗಿಂತ ಹೆಚ್ಚು, 60 ಪ್ರಶ್ನೆಗೆ ಅರ್ಧ ಸೆಕೆಂಡ್. ಎಂಥ ದುಬಾರಿ ಸರ್ವರ್ ತಂದರೂ ಇದು ಕಡಿಮೆಯಾಗದು.

ಡೇಟಾಬೇಸನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡವರಿದ್ದಾರೆ. 2000ದಲ್ಲಿ ರಿಚರ್ಡ್ ಹಿಪ್ ಅಮೆರಿಕದ ಯುದ್ಧನೌಕೆಗಳ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುತ್ತಿದ್ದರು. ಡೇಟಾಬೇಸ್ ಸರ್ವರ್ ನಿಂತರೆ ಅವರ ಪ್ರೋಗ್ರಾಮ್ ಕೂಡ ನಿಲ್ಲುತ್ತಿತ್ತು. ಸರ್ವರ್ ಯಾಕೆ ಬೇಕು, ಪ್ರೋಗ್ರಾಮ್ ಒಳಗೇ ಇಟ್ಟುಬಿಡೋಣ ಎಂದು ಅವರು ಬರೆದದ್ದೇ ಎಸ್‌ಕ್ಯುಲೈಟ್. ನಿಮ್ಮ ಫೋನಿನಲ್ಲೂ ಅದು ಇದೆ. ಎಸ್‌ಕ್ಯುಲೈಟ್‌ನ ಸ್ವಂತ ಜಾಲತಾಣ ನಡೆಯುವುದೂ ಅದರ ಮೇಲೆಯೇ, 2015ರಲ್ಲಿ ಅದಕ್ಕೆ ದಿನಕ್ಕೆ ನಾಲ್ಕೈದು ಲಕ್ಷ ಕೋರಿಕೆಗಳು ಬರುತ್ತಿದ್ದವು.

ಎರಡು ಸರ್ವರ್ ಇದ್ದರೆ ಸುರಕ್ಷಿತ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಗೆ ಹೇಳುವುದಿಲ್ಲ. ಒಂದೊಂದೂ 99% ಹೊತ್ತು ನಡೆಯುತ್ತದೆ ಎನ್ನೋಣ. ಸೈಟಿಗೆ ಎರಡೂ ಬೇಕಾದ್ದರಿಂದ ಒಟ್ಟು ಸಿಗುವುದು ಸುಮಾರು 98% ಮಾತ್ರ. ವರ್ಷಕ್ಕೆ ಮೂರೂವರೆ ದಿನ ಇದ್ದ ಬಂದ್ ಏಳು ದಿನ ದಾಟುತ್ತದೆ.

ಹಾಗಾದರೆ ಬೇರೆ ಮಾಡುವುದು ಯಾವಾಗ? ನನ್ನ ಮಟ್ಟಿಗೆ ಗಟ್ಟಿ ಕಾರಣ ಒಂದೇ: ಎರಡನೆಯ ವೆಬ್ ಸರ್ವರ್ ಬೇಕಾದಾಗ. ಆಗ ಇಬ್ಬರಿಗೂ ಒಂದೇ ಡೇಟಾಬೇಸ್ ಸಿಗಬೇಕು, ಅದು ನಡುವೆ ಪ್ರತ್ಯೇಕವಾಗಿ ಕೂರಲೇಬೇಕು. ಹೀಗೆ ಹೊರಗೆ ತಂದಾಗ ಹೊಸ ಅಪಾಯವೂ ಬರುತ್ತದೆ. 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್‌ಗೆ ತೆರೆದುಕೊಂಡಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ಕಳ್ಳರು ಅಳಿಸಿಹಾಕಿ, ಮಾಹಿತಿ ಬೇಕಿದ್ದರೆ ಬಿಟ್‌ಕಾಯಿನ್ ಕೊಡಿ ಎಂದು ಚೀಟಿ ಬಿಟ್ಟುಹೋದರು. ಒಂದೇ ಸರ್ವರ್‌ನಲ್ಲಿದ್ದಾಗ ಡೇಟಾಬೇಸನ್ನು 127.0.0.1 ಎಂಬ ಒಳವಿಳಾಸಕ್ಕೆ ಕಟ್ಟಿಹಾಕಿದರೆ ಹೊರಗಿನವರಿಗೆ ಅದರ ಬಾಗಿಲೇ ಕಾಣದು. ಬೇರೆ ಮಾಡಿದ ಮೇಲೆ ಆ ಸೌಕರ್ಯ ಹೋಯಿತು. ಮೈಎಸ್‌ಕ್ಯುಎಲ್‌ನ ಬಾಗಿಲಾದ 3306 ಪೋರ್ಟ್ ನಿಮ್ಮ ವೆಬ್ ಸರ್ವರ್‌ಗಳ ವಿಳಾಸಕ್ಕೆ ಮಾತ್ರ ತೆರೆಯುವಂತೆ, ಹೊರಗಿನವರನ್ನು ತಡೆಯುವ ಫೈರ್‌ವಾಲ್‌ನಲ್ಲಿ ನೀವೇ ಬರೆಯಬೇಕು.